ಜೋಡಿಯಿಲ್ಲದ ಕುರಿ

ಕುಲಗೋಡದ ಕೆಂಚಪ್ಪನಿಗೆ ಎಪ್ಪತ್ಮೂರು ವರ್ಷ. ಓದುಬರಹ ಬಾರದು. ಆದರೆ ಕುರಿ ಎಣಿಸುವುದರಲ್ಲಿ ಅವನನ್ನು ಮೀರಿಸುವವರು ಮೂಡಲಗಿ ಸುತ್ತಿನ ಹಟ್ಟಿಗಳಲ್ಲಿ ಯಾರೂ ಇರಲಿಲ್ಲ. ಸಂಜೆ ಸುತ್ತ ಬಲೆ ಕಟ್ಟಿದ ಹಟ್ಟಿಗೆ ಒಂದೇ ಬಾಯಿ ಬಿಟ್ಟು, ಅದರ ಪಕ್ಕದಲ್ಲಿ ಕಾಲು ಅಗಲಿಸಿ ನಿಂತು, ಕೋಲು ಅಡ್ಡ ಹಿಡಿದು, ಕುರಿಗಳನ್ನು ಎರಡೆರಡಾಗಿ ಒಳಗೆ ಬಿಡುತ್ತಿದ್ದ. ಒಂದು ಜೋಡಿ, ಎರಡು ಜೋಡಿ, ಮೂರು ಜೋಡಿ. ಬಾಯಲ್ಲಿ ಎಲೆಅಡಿಕೆ ಇರುತ್ತಿತ್ತು, ಪಕ್ಕದವರ ಜೊತೆ ಮಾತೂ ನಡೆದಿರುತ್ತಿತ್ತು, ಎಣಿಕೆ ಮಾತ್ರ ತಪ್ಪುತ್ತಿರಲಿಲ್ಲ. ಎಣಿಕೆ ತಪ್ಪುವ ಕುರುಬನಿಗೆ ಹೆಣ್ಣು ಕೊಡಬಾರದು, ಹೆಂಡತಿಯನ್ನೂ ಎಲ್ಲಾದರೂ ಮರೆತು ಬಂದಾನು ಎಂದು ಹಿಂದಿನವರು ಚೇಷ್ಟೆ ಮಾಡುತ್ತಿದ್ದರು. ಕೆಂಚಪ್ಪನಿಗೆ ಹೆಣ್ಣು ಕೊಟ್ಟವರಿಗೆ ಆ ಚಿಂತೆ ಇರಲಿಲ್ಲ.

ಅಂಥವನ ಎಣಿಕೆ ಈ ವರ್ಷ ಕಾರಹುಣ್ಣಿವೆಯ ಮರುದಿನದಿಂದ ತಪ್ಪತೊಡಗಿತು.

ಅವರ ಹಟ್ಟಿಯಲ್ಲಿ ಆಗ ಎಂಬತ್ತಾರು ಕುರಿ, ಅಂದರೆ ನಲವತ್ಮೂರು ಜೋಡಿ. ನಲವತ್ಮೂರನೆಯ ಜೋಡಿ ಒಳಗೆ ಹೋದ ಮೇಲೆ ಬಲೆ ಎಳೆದು ಕಟ್ಟಬೇಕು. ಅಂದು ಕೆಂಚಪ್ಪ ಬಲೆಗೆ ಕೈ ಹಾಕುವಷ್ಟರಲ್ಲಿ ಇನ್ನೊಂದು ಬಂತು. ಒಂಟಿಯಾಗಿ ಬಂತು. ತಲೆ ತಗ್ಗಿಸಿಕೊಂಡು ಅವನ ಮೊಣಕಾಲು ಸವರಿಕೊಂಡು ಒಳಗೆ ಹೋಯಿತು. ಮೊಣಕಾಲು ಮುಟ್ಟಿ ನೋಡಿಕೊಂಡ. ಒದ್ದೆಯಾಗಿತ್ತು. ಅಂದು ಊರಿನಲ್ಲಿ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ.

"ಎಂಬತ್ತೇಳು," ಎಂದ.

"ಎಂಬತ್ತಾರಽ ಅದಾವಲ್ಲಪಾ," ಎಂದ ಮಗ ಹನಮಂತ. "ಯಾರದರ ಸೇರ್ಕೊಂಡೈತೇನು ನೋಡೂಣು."

ಒಂದೊಂದು ಹಟ್ಟಿಯವರದು ಒಂದೊಂದು ಕಿವಿಗುರುತು. ತಂದೆ ಮಗ ಸೇರಿ ಎಲ್ಲ ಕುರಿಗಳ ಕಿವಿ ನೋಡಿದರು. ಎಲ್ಲ ಅವರವೇ. ಎಣಿಸಿದರೆ ಎಂಬತ್ತಾರು.

ಮರುದಿನವೂ ಒಂಟಿ ಬಂತು. ಅದರ ಮರುದಿನವೂ ಬಂತು. ಹನಮಂತ ಒಂದು ವಾರ ಸುಮ್ಮನಿದ್ದು ನೋಡಿ, ಅಪ್ಪನ ಕಣ್ಣಿಗೆ ಪೊರೆ ಬಂದಿದೆ ಎಂದು ತೀರ್ಮಾನ ಮಾಡಿ, ಗೋಕಾಕ ಬಸ್ಸು ಹತ್ತಿಸಿ ಅಲ್ಲಿಂದ ಘಟಪ್ರಭಾದ ದವಾಖಾನೆಗೆ ಕರೆದುಕೊಂಡು ಹೋದ. ಪೊರೆ ಇದ್ದದ್ದು ಖರೆ. ಡಾಕ್ಟರು ತೆಗೆದರು. ಕಪ್ಪು ಕನ್ನಡಕ ಹಾಕಿಕೊಂಡು ಊರಿಗೆ ಬಂದ ಕೆಂಚಪ್ಪನನ್ನು ನೋಡಿ ಅವನದೇ ನಾಯಿ ಬೊಗಳಿತು. ತಿಂಗಳು ಕಳೆದ ಮೇಲೆ ಸೂಜಿಗೆ ದಾರ ಪೋಣಿಸುವಷ್ಟು ಚೊಕ್ಕ ಕಾಣತೊಡಗಿತು, ಒಂಟಿ ಕುರಿಯೂ ಇನ್ನಷ್ಟು ಚೊಕ್ಕ ಕಾಣತೊಡಗಿತು. ಅದರ ಉಣ್ಣೆಗೆ ಕೆಂಪು ರಾಡಿ ಮೆತ್ತಿತ್ತು. ಉಣ್ಣೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಗೋಕಾಕಿನಲ್ಲಿ ಕಾಲೇಜು ಓದುವ ಮೊಮ್ಮಗಳು ಭಾಗ್ಯಾ ಇದಕ್ಕೊಂದು ಉಪಾಯ ಹೂಡಿದಳು. ಅಜ್ಜ ಎಣಿಸುವಾಗ ಮೊಬೈಲಿನಲ್ಲಿ ವಿಡಿಯೊ ತೆಗೆದು, ಆಮೇಲೆ ಕಟ್ಟೆಯ ಮೇಲೆ ಕೂಡಿಸಿಕೊಂಡು ನಿಧಾನವಾಗಿ ತೋರಿಸಿದಳು. "ನೋಡಜ್ಜಾ, ನಲವತ್ಮೂರು ಜೋಡಿ. ಮುಗೀತು. ಹಿಂದ ಏನೂ ಇಲ್ಲ." ಕೆಂಚಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಕೊನೆಯ ಜೋಡಿ ಒಳಗೆ ಹೋದ ಮೇಲೆ ಬಲೆಯ ಬಾಯಿ ಬರಿದಾಗಿತ್ತು. ಆದರೆ ಬಲೆಯ ಅಂಚು ಒಂದು ಸಲ ಒಳಗೆ ಅಲ್ಲಾಡಿ ಸುಮ್ಮನಾಯಿತು.

"ಅದು ಗಾಳಿಗೆ," ಎಂದಳು ಭಾಗ್ಯಾ. ಮತ್ತೊಮ್ಮೆ ಮಾತ್ರ ಹಾಕಿ ತೋರಿಸಲಿಲ್ಲ.

"ನಾಳಿಯಿಂದ ನಾನಽ ಎಣಸ್ತೇನಿ, ನೀ ಕುಂತು ನೋಡು," ಎಂದು ಹನಮಂತ ಕೋಲು ಇಸಿದುಕೊಂಡ. ಅವನು ಕೆಟ್ಟವನಲ್ಲ. ಬೈಯಲಿಲ್ಲ, ಹಂಗಿಸಲಿಲ್ಲ, ಹೆಗಲ ಮೇಲೆ ಕೈ ಇಟ್ಟೇ ಇಸಿದುಕೊಂಡ. ಆದರೂ ಐವತ್ತೈದು ವರ್ಷ ಹಿಡಿದ ಕೋಲು ಕೈಯಿಂದ ಹೋದಾಗ ಕೆಂಚಪ್ಪನಿಗೆ ತಾನು ಮುದುಕನಾದದ್ದು ಆ ದಿನ, ಆ ಗಳಿಗೆಯಲ್ಲಿ ಗೊತ್ತಾಯಿತು. ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಆ ಒಂಟಿ ಯಾವುದೆಂದು ಅವನಿಗೆ ಮೊದಲ ದಿನವೇ ತಿಳಿದಿತ್ತು. ಯಾರಿಗೂ ಹೇಳುವ ಹಾಗಿರಲಿಲ್ಲ.

ಒಂದು ಮುಂಜಾನೆ ಸೊಸೆ ಸುವರ್ಣಾ ಸೆರಗಿನಲ್ಲೇ ಬೀಗದಕೈ ಕಟ್ಟಿಕೊಂಡು ಮನೆಯೆಲ್ಲ ಹುಡುಕಿ, ಕೊನೆಗೆ ಸಿಕ್ಕಾಗ ತನಗೆ ತಾನೇ ನಗುತ್ತ, "ಬಗಲಾಗ ಕೂಸ ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತ," ಎಂದಳು. ಎಲ್ಲರೂ ಆಡುವ ಗಾದೆ. ಕೆಂಚಪ್ಪ ಊಟದ ತಾಟು ಅಲ್ಲೇ ಬಿಟ್ಟು ಎದ್ದು ಹೋದ. "ಮಾವಾ, ರೊಟ್ಟಿ ಖಾರ ಆತೇನ್ರಿ?" ಎಂದು ಪಾಪ ಅವಳು ಹಿಂದೆ ಕೂಗಿದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಕೆಂಚಪ್ಪ ಹಿತ್ತಿಲಿಗೆ ಹೋಗಿ ನಿಜವಾಗಿಯೂ ಹೆಗಲು ಮುಟ್ಟಿ ನೋಡಿಕೊಂಡ. ಅಲ್ಲಿ ಕಂಬಳಿ ಇತ್ತು, ಅಷ್ಟೇ.

ನಲವತ್ನಾಲ್ಕು ವರ್ಷದ ಹಿಂದಿನ ಮಾತು. ಕೆಂಚಪ್ಪ ಮತ್ತು ಅದೇ ಊರಿನ ಶೆಟ್ಟೆಪ್ಪ ಕುರಿ ಕೂಡಿಸಿಕೊಂಡು ಪಡುವಣಕ್ಕೆ ಹೋಗುತ್ತಿದ್ದರು. ಶೆಟ್ಟೆಪ್ಪ ಎರಡು ವರ್ಷ ದೊಡ್ಡವನು. ರಕ್ತಸಂಬಂಧ ಇರದಿದ್ದರೂ ಕೆಂಚಪ್ಪ ಅವನಿಗೆ ಅಣ್ಣಾ, ಅವನ ಹೆಂಡತಿಗೆ ವೈನಿ ಎನ್ನುತ್ತಿದ್ದ. ದೀಪಾವಳಿ ಮುಗಿಸಿ ಹೊರಟರೆ ಹುಕ್ಕೇರಿ, ಕಣಗಲಾ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿಯೆಲ್ಲ ಕುರಿ ತರುಬಿ ನಿಲ್ಲಿಸಿ, ಹೊಲದವರು ಕೊಟ್ಟ ಜೋಳ ಉಂಡು, ಮಳೆ ಹಿಡಿಯುವ ಮೊದಲು ಮರಳುತ್ತಿದ್ದರು.

ಆ ವರ್ಷ ಮಳೆ ಅವಸರ ಮಾಡಿತು. ಕಣಗಲಾ ಬಿಟ್ಟ ಮುಂಜಾನೆ ಕೆಂಚಪ್ಪನ ಕುರಿಯೊಂದು ದಾರಿಯಲ್ಲೇ ಈದಿತು. ಅಲ್ಲಿಯತನಕ ಇದ್ದದ್ದು ಸರಿಯಾಗಿ ಎಪ್ಪತ್ತು ಜೋಡಿ. "ಈಗ ಎಪ್ಪತ್ತರ ಮ್ಯಾಲ ಒಂದು ಒಂಟಿ," ಎಂದು ಕೆಂಚಪ್ಪ ಲೆಕ್ಕ ಹೇಳಿ, ಆಗಷ್ಟೇ ಹುಟ್ಟಿದ ಮರಿಯನ್ನು ಕಂಬಳಿಯ ತುದಿಯಲ್ಲಿ ಜೋಳಿಗೆ ಮಾಡಿ ಬೆನ್ನಿಗೆ ಹಾಕಿಕೊಂಡ. ನಡೆಯಲಾರದ ಮರಿಯನ್ನು ಎಲ್ಲ ಕುರುಬರೂ ಹೀಗೇ ಹೊರುವುದು.

ಮಧ್ಯಾಹ್ನ ಹುಕ್ಕೇರಿ ಕಡೆಯ ಒಂದು ಹಳ್ಳ ಅಡ್ಡ ಬಂತು. ಮೊಣಕಾಲು ನೀರು. ಕುರಿಗಳನ್ನು ಇಳಿಸುವಷ್ಟರಲ್ಲಿ ತೊಡೆಮಟ್ಟ ಏರಿತು. ಒದರಿ, ತಳ್ಳಿ, ಕಿವಿ ಹಿಡಿದು ಎಳೆದು ಇಬ್ಬರೂ ಎಲ್ಲವನ್ನೂ ದಾಟಿಸಿದರು. ಮಳೆಗೆ ನೆನೆದ ಕಂಬಳಿ ಮರಿಯ ನಾಲ್ಕು ಪಟ್ಟು ಭಾರವಾಗಿತ್ತು. ಬೆಚ್ಚಗೆ ಮಲಗಿದ್ದ ಮರಿ ಮಿಸುಕಲಿಲ್ಲ. ಆಚೆ ದಂಡೆಯಲ್ಲಿ ಕೆಂಚಪ್ಪ ಎಣಿಸಿದ. ಎಪ್ಪತ್ತು ಜೋಡಿ ಬಂತು. ಒಂಟಿ ಬರಲಿಲ್ಲ.

"ಅಣ್ಣಾ, ಒಂದು ಕಮ್ಮಿ ಬಿದ್ದೈತಿ!" ಎಂದು ಕೂಗಿದ.

ಶೆಟ್ಟೆಪ್ಪ ಮತ್ತೊಮ್ಮೆ ಎಣಿಸು ಎನ್ನಲಿಲ್ಲ. ಕೆಂಚಪ್ಪನ ಎಣಿಕೆಗೆ ಮತ್ತೊಮ್ಮೆ ಎನ್ನುವವರು ಯಾರಿದ್ದರು? ಧೋತರ ಮೇಲೆ ಕಟ್ಟಿ ನೀರಿಗೆ ಇಳಿದುಬಿಟ್ಟ. ಅವನು ನಡುನೀರಿನಲ್ಲಿ, ಸೊಂಟದ ತನಕ ಮುಳುಗಿ, ಬಿಟ್ಟುಬಂದ ದಂಡೆಯ ಮುಳ್ಳುಕಂಟಿಗಳಲ್ಲಿ ಇಣುಕುತ್ತಿದ್ದಾಗ ಕೆಂಚಪ್ಪನ ಬೆನ್ನಿನಲ್ಲಿ ಮರಿ ಎಚ್ಚರಾಗಿ ಸಣ್ಣ ದನಿಯಲ್ಲಿ ಒದರಿತು.

ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ತಪ್ಪಿ ಎಣಿಸುವುದು ಪಾಪವಲ್ಲ, ಎಂಥವರಿಗೂ ಆಗುತ್ತದೆ. ಆದರೆ ಮರಿ ಒದರಿದಾಗ ಶೆಟ್ಟೆಪ್ಪ ಇನ್ನೂ ಬದುಕಿದ್ದ, ಕೂಗಿದರೆ ಕೇಳುವಷ್ಟು ಹತ್ತಿರವೇ ಇದ್ದ. ಅಣ್ಣಾ, ಮರಿ ಸಿಕ್ಕೈತಿ, ಹೊಳ್ಳಿ ಬಾ. ಇಷ್ಟೇ ಮಾತು. ಕೆಂಚಪ್ಪನ ಬಾಯಿ ತೆರೆಯಿತು. ತೆರೆದದ್ದು ಹಾಗೇ ಮುಚ್ಚಿತು. ಶೆಟ್ಟೆಪ್ಪ ನಗುತ್ತಾನೆ, ಗೋಕಾಕ ಸಂತೆಯಲ್ಲಿ ಹೇಳುತ್ತಾನೆ, ಹುಕ್ಕೇರಿ ಸಂತೆಯಲ್ಲಿ ಹೇಳುತ್ತಾನೆ, ದೊಡ್ಡ ಎಣಿಕೆಯವನು ಬೆನ್ನಲ್ಲಿ ಮರಿ ಇಟ್ಟುಕೊಂಡು ಮರಿ ಹುಡುಕಿಸಿದ ಎಂದು ಸಾಯುವ ತನಕ ಆಡಿಕೊಳ್ಳುತ್ತಾನೆ. ಅವನು ಮರಳಿ ಬರಲಿ, ಮರಿ ಕಂಟಿಯಲ್ಲಿ ಸಿಕ್ಕಿತು ಅಂದರಾಯಿತು. ಹೀಗೆಂದುಕೊಂಡು ಮರಿಯನ್ನು ಮೆಲ್ಲಗೆ ತೆಗೆದು ಕುರಿಗಳ ನಡುವೆ ಬಿಟ್ಟ. ತಿರುಗಿ ನೋಡುವಷ್ಟರಲ್ಲಿ ಮೇಲಿನಿಂದ ಕೆಂಪು ನೀರು ಇಡೀ ಜಾಲಿಮರವೊಂದನ್ನು ಹೊತ್ತುಕೊಂಡು ಬಂತು. ಎಲೆಅಡಿಕೆ ಉಗುಳುವಷ್ಟು ಹೊತ್ತು ಸಹ ಆಗಲಿಲ್ಲ. ಹಳ್ಳದಲ್ಲಿ ಯಾರೂ ಇರಲಿಲ್ಲ.

ಹತ್ತಿರದ ಹಳ್ಳಿಯವರೂ ಸೇರಿ ಎರಡು ದಿನ ಹುಡುಕಿದರು. ಕಂಬಳಿ ಸಿಕ್ಕಿತು, ಶೆಟ್ಟೆಪ್ಪ ಸಿಗಲಿಲ್ಲ. ಕೆಂಚಪ್ಪ ಕುರಿ ಹೊಡೆದುಕೊಂಡು ಊರಿಗೆ ಬಂದಾಗ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಶೆಟ್ಟೆಪ್ಪನ ಹೆಂಡತಿ ಯಮನವ್ವ ಬಾಗಿಲಲ್ಲಿ ನಿಂತಿದ್ದಳು. ಕುರಿಗಳೆಲ್ಲ ಬಂದವು. ಅವಳು ದಾರಿಯ ಕೊನೆಯ ತನಕ ನೋಡಿ, "ಎಲ್ಲಿ ಬಿಟ್ಟು ಬಂದಿ ಅವನ್ನ?" ಎಂದಳು.

"ಒಂದು ಮರಿ ಕಮ್ಮಿ ಬಿದ್ದಿತ್ರಿ ವೈನಿ. ತರಾಕ ಹೋದ," ಎಂದ ಕೆಂಚಪ್ಪ. ಅಷ್ಟೇ ಎಂದ.

ಆ ಮರಿಯನ್ನು ಕಣ್ಣೆದುರು ಇಟ್ಟುಕೊಳ್ಳಲಾರದೆ ತಾಯಿಯ ಸಮೇತ ಯಮನವ್ವನಿಗೆ ಕೊಟ್ಟುಬಿಟ್ಟ. ಆ ಮಳೆಗಾಲ ಶೆಟ್ಟೆಪ್ಪನ ಪಾಲಿನ ಕುರಿಗಳು ಬೇನೆ ಬಿದ್ದು ಒಂದೊಂದಾಗಿ ಸತ್ತುಹೋದವು. ಉಳಿದದ್ದು ಆ ತಾಯಿ, ಆ ಮರಿ. ಮರಿ ಹೆಣ್ಣು. ಅದರಿಂದಲೇ ಯಮನವ್ವ ಮತ್ತೆ ಹಟ್ಟಿ ಕಟ್ಟಿದಳು, ಮಗ ಭೀಮರಾಯನನ್ನು ಬೆಳೆಸಿದಳು, ಎರಡು ಎಕರೆ ಕಬ್ಬು ಮಾಡಿದಳು. ಯಾರು ಬಂದರೂ ಅದೇ ಮಾತು: "ಕೆಂಚಪ್ಪ ಕೊಟ್ಟ ಮರಿಯಿಂದ ನಮ್ಮ ಬಾಳೇವು ಆತು. ಅವನ ಉಪಕಾರ ಯಾವ ಜನ್ಮಕ್ಕ ತೀರಸ್ಲಿ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಉಪಕಾರ ಎನ್ನುವವರ ಮುಂದೆ ಏನು ಮಾಡುವುದು? ಪ್ರತಿವರ್ಷ ದೀಪಾವಳಿ ಪಾಡ್ಯದ ದಿನ ತನ್ನ ಹಟ್ಟಿಯ ಕುರಿಗಳನ್ನು ಕೆಂಚಪ್ಪನೇ ಎಣಿಸಬೇಕೆಂದು ಅವಳು ಕಟ್ಟು ಮಾಡಿಕೊಂಡಿದ್ದಳು. ಅವನ ಕೈಗುಣ ಒಳ್ಳೆಯದಂತೆ. ಎಣಿಸಿ ಮುಗಿದ ಮೇಲೆ ಅವಳು, "ಎಲ್ಲಾ ಬಂದಾವೇನು?" ಎಂದು ಕೇಳಬೇಕು, ಇವನು, "ಎಲ್ಲಾ ಬಂದಾವ," ಎನ್ನಬೇಕು. ಆಮೇಲೆ ಒಲೆಯ ಮೇಲೆ ಉಕ್ಕಿಸಿದ ಹಾಲಿನ ಮೊದಲ ಲೋಟ ಇವನ ಕೈಗೆ. ಆ ಹಾಲು ಕೆಂಚಪ್ಪನಿಗೆ ಒಂದು ವರ್ಷವೂ ಅರಗಿದ್ದಿಲ್ಲ. ಮನೆಗೆ ಬರುವ ದಾರಿಯಲ್ಲಿ ಕಬ್ಬಿನ ಹೊಲದ ಬದುವಿನಲ್ಲಿ ಒಂದು ಬೇವಿನ ಮರ ಇದೆ. ಅದಕ್ಕೆ ಕೈ ಕೊಟ್ಟು ನಿಂತು ಕಕ್ಕಿಬಿಡುತ್ತಿದ್ದ. ಹೆಂಡತಿ ಗೌರವ್ವ ಸಾಯುವ ಮುಂಚೆ ಒಮ್ಮೆ, "ಪಾಡ್ಯದ ದಿನಾನಽ ನಿನಗ ಯಾಕ ವಾಂತಿ ಆಗ್ತೈತಿ?" ಎಂದು ಕೇಳಿದ್ದಳು. "ಹಾಲು ಹಿಡಸೂದಿಲ್ಲ," ಎಂದಿದ್ದ. ಜೀವನವಿಡೀ ಕುರಿಹಾಲು ಕುಡಿದವನ ಮಾತು ಅದು. ಅವಳು ಅದನ್ನೇ ನಂಬಿ ಹೋದಳು.

ಈ ವರ್ಷ ಹಬ್ಬಕ್ಕೆ ಕರೆಯಲು ಭೀಮರಾಯ ಬಂದ. ಮನೆಯೊಳಗೆ ಬಂದವನು ಎಂದಿನಂತೆ ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ಅವ್ವಗ ಅರವು ಮರವು ಆಗೈತ್ರಿ ಕಾಕಾ. ಈಗೀಗ ನನ್ನನ್ನಽ ನೀ ಯಾರಪಾ ಅಂತ ಕೇಳ್ತಾಳ. ಸಂಜೀಮುಂದ ಬಾಗಲಾಗ ಕುಂತು ಅಪ್ಪನ ದಾರಿ ನೋಡ್ತಾಳ. ನಿಮ್ಮ ಹೆಸರೊಂದು ಮರತಿಲ್ಲ ನೋಡ್ರಿ. ಬರಾಕಽ ಬೇಕು ನೀವು."

"ಈಗ ನನಗ ಎಣಿಕಿ ಸರಿ ಬರವಲ್ದಪಾ," ಎಂದ ಕೆಂಚಪ್ಪ.

"ತಪ್ಪಿದ್ರ ತಪ್ಪಲಿ ಬಿಡ್ರಿ. ನೀವು ತಪ್ಪಿದ್ರ ನಮಗೇನು ಹಾನಿ ಆಗೂದೈತಿ?" ಎಂದು ಭೀಮರಾಯ ನಕ್ಕು ಎದ್ದುಹೋದ.

ಅವನು ಹೋದ ಮೇಲೆ ಕೆಂಚಪ್ಪನ ಮನಸ್ಸಿಗೆ ಮೊದಲು ಬಂದದ್ದು ಒಳ್ಳೆಯ ವಿಚಾರವೇನಲ್ಲ. ಅವಳು ಎಲ್ಲ ಮರೆಯುತ್ತಿದ್ದಾಳೆ, ಇನ್ನು ಹೇಳುವ ಕೆಲಸವಿಲ್ಲ, ದೇವರೇ ದಾರಿ ಮಾಡಿದ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಅವನಿಗೇ ಹೇಸಿಕೆ ಬಂತು. ಇಂದು ಹೇಳೋಣ, ನಾಳೆ ಹೇಳೋಣ ಎಂದು ನಲವತ್ನಾಲ್ಕು ಪಾಡ್ಯ ಕಳೆದದ್ದಾಯಿತು. ಮನುಷ್ಯ ಮುದುಕನಾಗುವುದು ಯಾಕೆ? ಉಳಿದ ಮಾತು ಆಡಿ ಮುಗಿಸಲಿ ಎಂದು ತಾನೇ? ಅಷ್ಟರಲ್ಲಿ ಕೇಳುವ ಕಿವಿಯೇ ಹೊರಟು ನಿಂತಿದೆ. ಅವಳೂ ಹೋದರೆ ಈ ಮಾತನ್ನು ಇಳಿಸಲು ಜಾಗವಿಲ್ಲ. ತಾನು ಸತ್ತ ಮೇಲೆ ಆ ಒಂಟಿ ಎಲ್ಲಿಗೆ ಹೋದೀತು? ಕೋಲು ಈಗ ಹನಮಂತನ ಕೈಯಲ್ಲಿದೆ. ಒಂದು ಸಂಜೆ ಏನೂ ಅರಿಯದ ಮಗನ ಮೊಣಕಾಲಿಗೆ ಒದ್ದೆ ಉಣ್ಣೆ ತಾಗಿದರೆ?

ಪಾಡ್ಯದ ಬೆಳಿಗ್ಗೆ ಭಾಗ್ಯಾ ತೋಳು ಹಿಡಿದು ಕರೆದೊಯ್ದಳು. ಭೀಮರಾಯನ ಹಟ್ಟಿ ಊರ ಹೊರಗೆ, ಕಬ್ಬಿನ ಹೊಲ ದಾಟಿದರೆ ಬರುತ್ತದೆ. ಅಂಗಳ ಸಾರಿಸಿ, ಸೆಗಣಿಯಿಂದ ಪುಟ್ಟ ಹಟ್ಟೆವ್ವ ಗೊಂಬೆಗಳನ್ನು ಮಾಡಿ, ಚೆಂಡುಹೂ ಸಿಕ್ಕಿಸಿ ಸಾಲಾಗಿ ಇಟ್ಟಿದ್ದರು. ಕುರಿಗಳ ಬೆನ್ನಿಗೆ ಅರಿಸಿನ ಹಚ್ಚಿತ್ತು. ಒಲೆಯ ಮೇಲೆ ಹಾಲಿನ ಗಡಿಗೆ. ಅಕ್ಕಪಕ್ಕದ ಹಟ್ಟಿಯವರು ಹತ್ತು ಹದಿನೈದು ಮಂದಿ ಬಂದು ಕೂತಿದ್ದರು. ಹೊರಸಿನ ಮೇಲೆ ಹೊಸ ಸೀರೆ ಉಡಿಸಿ ಯಮನವ್ವನನ್ನು ಕೂಡಿಸಿದ್ದರು. ಒಂದು ಮುಷ್ಟಿಯಷ್ಟಾಗಿದ್ದಳು.

"ಬಂದಿ ಕೆಂಚಪ್ಪಾ? ನಿನ್ನ ಉಪಕಾರ ದೊಡ್ಡದು," ಎಂದಳು.

ಭೀಮರಾಯ ಕೋಲು ತಂದು ಕೈಗೆ ಕೊಟ್ಟ. ಮೂರು ತಿಂಗಳ ಮೇಲೆ ಕೆಂಚಪ್ಪ ಕೋಲು ಹಿಡಿದದ್ದು. ಬಲೆಯ ಬಾಯಿಯ ಪಕ್ಕ ನಿಂತ. ಭಾಗ್ಯಾ ತೋಳು ಹಿಡಿದುಕೊಂಡೇ ಪಕ್ಕದಲ್ಲಿ ನಿಂತಳು. ನೂರಾ ಹನ್ನೆರಡು ಕುರಿ, ಐವತ್ತಾರು ಜೋಡಿ. ಒಂದು ಜೋಡಿ, ಎರಡು ಜೋಡಿ. ದನಿ ಎತ್ತಿ ಎಣಿಸಿದ. ಐವತ್ನಾಲ್ಕು, ಐವತ್ತೈದು, ಐವತ್ತಾರು. ಕೊನೆಯ ಜೋಡಿ ಒಳಗೆ ಹೋಯಿತು.

ಅದರ ಹಿಂದೆ ಒಂಟಿ ಬಂತು.

ಈ ಹಟ್ಟಿಗೆ ಅದು ಹಿಂದೆಂದೂ ಬಂದಿರಲಿಲ್ಲ. ಹಾಡುಹಗಲಿನ ಬಿಸಿಲಿನಲ್ಲಿ, ಇಷ್ಟು ಮಂದಿಯ ನಡುವೆ, ಕೆಂಪು ರಾಡಿ ಮೆತ್ತಿಕೊಂಡು ಬಂದು ಬಲೆಯ ಬಾಯಲ್ಲಿ ನಿಂತಿತು. ಒಳಗೆ ಹೋಗಲಿಲ್ಲ. ಅದರ ಮೈಯಿಂದ ನೀರು ಇಳಿಯುತ್ತಿತ್ತು. ಸಾರಿಸಿದ ನೆಲ ಮಾತ್ರ ಒಣಗಿಯೇ ಇತ್ತು. ಅದು ತಲೆ ಎತ್ತಿ ಯಮನವ್ವನ ಕಡೆ ನೋಡಿತು.

"ಬಲಿ ಎಳೀರಿ ಕಾಕಾ," ಎಂದ ಭೀಮರಾಯ. ಅವನಿಗೆ ಏನೂ ಕಾಣುತ್ತಿರಲಿಲ್ಲ.

"ಎಲ್ಲಾ ಬಂದಾವೇನು?" ಎಂದು ಯಮನವ್ವ ಹೊರಸಿನಿಂದ ಕೇಳಿದಳು.

ಕೆಂಚಪ್ಪ ಬಲೆ ಎಳೆಯದೆ ಒಂಟಿಯನ್ನೇ ನೋಡುತ್ತ ನಿಂತ. ಅವಳು ತುಸು ಹೊತ್ತು ಕಾದಳು. ಆಮೇಲೆ ಹೊರಸಿನ ಕಾಲು ಹಿಡಿದು ಎದ್ದು ನಿಂತಳು. ಕುರಿಗಳನ್ನು ನೋಡಿದಳು, ಕೆಂಚಪ್ಪನನ್ನು ನೋಡಿದಳು, ಅವನ ಹಿಂದಿನ ದಾರಿಯನ್ನು ಅದರ ಕೊನೆಯ ತನಕ ನೋಡಿದಳು. ಮುಖದ ಮುದಿತನ ಎಲ್ಲಿಗೋ ಸರಿದುಹೋಗಿ, ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ ಹೆಂಗಸೇ ಅಲ್ಲಿ ನಿಂತಿದ್ದಳು.

"ಕುರಿ ಬಂದಾವು. ಅವ ಎಲ್ಲಿ? ಎಲ್ಲಿ ಬಿಟ್ಟು ಬಂದಿ ಅವನ್ನ?"

"ಅವ್ವಾ, ಹಬ್ಬದ ದಿನ ಅದೆಲ್ಲಾ ಬ್ಯಾಡ, ಕುಂದ್ರು," ಎಂದು ಭೀಮರಾಯ ಹಾಲಿನ ಲೋಟ ಹಿಡಿದುಕೊಂಡೇ ಮುಂದೆ ಬಂದ.

"ಇರ್ಲಿ ತಡಿಯಪಾ, ಕೇಳ್ಲಿ," ಎಂದ ಕೆಂಚಪ್ಪ. ಅದೇ ಪ್ರಶ್ನೆ, ಕೇಳಿದವಳೂ ಅವಳೇ. ಉತ್ತರ ಕೊಡಲು ಎರಡನೆಯ ಸಲ ಕರೆ ಬಂದಿದೆ. ಇಂಥದ್ದು ಎಷ್ಟು ಮಂದಿಗೆ ಸಿಗುತ್ತದೆ? ಕೋಲನ್ನು ನೆಲಕ್ಕೆ ಹಾಕಿ ಕೈ ಮುಗಿದ.

"ವೈನಿ, ಆವತ್ತು ಒಂದೂ ಕಮ್ಮಿ ಬಿದ್ದಿರ್ಲಿಲ್ರಿ. ಮರಿ ನನ್ನ ಕಂಬಳ್ಯಾಗ ಇತ್ತು. ನಾ ಮರತು ಎಣಸಿದೆ. ಅಣ್ಣ ನನ್ನ ಮಾತು ನಂಬಿ ನೀರಿಗಿಳದ. ಅವ ಇಳದ ಮ್ಯಾಲ ಮರಿ ಒದರಿತ್ರಿ. ಆಗ ಕೂಗಿ ಕರದಿದ್ರ ಹೊಳ್ಳಿ ಬರ್ತಿದ್ದ. ನಾ ಕರೀಲಿಲ್ಲ. ನಗ್ತಾನಂತ ನಾಚಿ ಕರೀಲಿಲ್ರಿ ವೈನಿ. ನಿಮ್ಮ ಗಂಡನ್ನ ಹಳ್ಳ ಒಯ್ದಿಲ್ಲ, ನನ್ನ ನಾಚಿಕಿ ಒಯ್ದೈತಿ."

ಭೀಮರಾಯನ ಕೈಯ ಲೋಟ ವಾಲಿ ಹಾಲು ನೆಲಕ್ಕೆ ಬಿತ್ತು. ತೋಳು ಹಿಡಿದಿದ್ದ ಭಾಗ್ಯಾಳ ಕೈ ಸಡಿಲವಾದದ್ದು ಕೆಂಚಪ್ಪನಿಗೆ ಗೊತ್ತಾಯಿತು.

ಯಮನವ್ವ ಅಳಲಿಲ್ಲ, ಶಾಪ ಹಾಕಲಿಲ್ಲ. ಕುರುಬರ ಹೆಣ್ಣುಮಗಳು ಮೊದಲು ಕೇಳುವುದನ್ನೇ ಕೇಳಿದಳು.

"ಮರಿ ಬದುಕೈತೇನು?"

"ಬದುಕೈತ್ರಿ. ಇಲ್ಲಿರೂದೆಲ್ಲಾ ಅದರ ಸಂತಾನಽ."

ಅವಳು ಅರಿಸಿನ ಹಚ್ಚಿದ ಬೆನ್ನುಗಳನ್ನೆಲ್ಲ ಒಮ್ಮೆ ನೋಡಿ, ಸಿಟ್ಟಿನಿಂದ ಇವನ ಕಡೆ ತಿರುಗಿದಳು. "ಮತ್ತ ಸುಮ್ಮನ ಯಾಕ ನಿಂತಿ? ಕೂಗಿ ಹೇಳು ಅವಗ! ಮರಿ ಸಿಕ್ಕೈತಿ, ಹೊಳ್ಳಿ ಬಾ ಅಂತ ಹೇಳು. ಇನ್ನೂ ಅಲ್ಲೇ ಹುಡುಕಾಕತ್ತಾನಲ್ಲೋ ಅವ. ನೀರಾಗ ಎಷ್ಟೊತ್ತು ನಿಂದರ್ತಾನ? ಕೂಗೋ!"

ಕೆಂಚಪ್ಪ ಹುಕ್ಕೇರಿ ದಿಕ್ಕಿಗೆ ಮುಖ ಮಾಡಿದ. ಎರಡೂ ಕೈ ಬಾಯಿಗೆ ಹಿಡಿದ. ಮೊದಲ ಸಲ ಬರೀ ಉಸಿರು ಬಂತು. ಎರಡನೆಯ ಸಲ ದನಿ ಒಡೆಯಿತು. ಮೂರನೆಯ ಸಲ, ದಂಡೆಯಿಂದ ದಂಡೆಗೆ ಕೂಗುವ ಕುರುಬರ ಆ ಹಳೆಯ ಕೂಗು ಎಪ್ಪತ್ಮೂರರ ಗಂಟಲಿನಿಂದ ಇಡಿಯಾಗಿ ಹೊರಬಿತ್ತು.

"ಶೆಟ್ಟೆಪ್ಪಣ್ಣಾಽಽ! ಮರಿ ಸಿಕ್ಕೈತೋಽಽ! ಹೊಳ್ಳಿ ಬಾರೋಽಽ!"

ಬಲೆಯೊಳಗಿನ ಕುರಿಗಳೆಲ್ಲ ಒಮ್ಮೆಗೇ ತಲೆ ಎತ್ತಿದವು. ಕಬ್ಬಿನ ಗರಿ ಅಲ್ಲಾಡುವುದನ್ನು ಬಿಟ್ಟಿತು. ಕೆಂಚಪ್ಪ ಮತ್ತೆ ಕೂಗಿದ, ಮತ್ತೆ ಕೂಗಿದ. ಕಣ್ಣೀರು ಮೂಗಿನಿಂದ ಬಾಯಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ದನಿ ಪೂರಾ ಬಿದ್ದುಹೋದ ಮೇಲೆ ಹೊರಳಿ ನೋಡಿದ. ಬಲೆಯ ಬಾಯಿ ಬರಿದಾಗಿತ್ತು.

ಕೊನೆಗೆ ಭೀಮರಾಯ ಬಾಗಿ ಕೋಲು ಎತ್ತಿ ಅವನ ಮುಂದೆ ಹಿಡಿದ.

"ಮತ್ತೊಮ್ಮಿ ಎಣಸ್ರಿ," ಎಂದ. ಕಾಕಾ ಎನ್ನಲಿಲ್ಲ.

ಕುರಿಗಳನ್ನು ಹೊರಗೆ ಬಿಟ್ಟು ಮತ್ತೆ ಒಳಗೆ ಹಾಕಿದರು. ಕೆಂಚಪ್ಪ ದನಿ ಇಲ್ಲದ ಗಂಟಲಿನಲ್ಲಿ ಎಣಿಸಿದ. ಐವತ್ನಾಲ್ಕು, ಐವತ್ತೈದು, ಐವತ್ತಾರು. ಬಲೆಗೆ ಕೈ ಹಾಕದೆ ಕಾದ. ಇಷ್ಟು ತಿಂಗಳು ಯಾವುದಕ್ಕೆ ಹೆದರಿದ್ದನೋ ಅದಕ್ಕಾಗಿ ಈಗ ಕಾಯುತ್ತ ನಿಂತ. ಮೊಣಕಾಲಿಗೆ ಏನೂ ತಾಗಲಿಲ್ಲ. ಒಂಟಿ ಬರಲಿಲ್ಲ. ಅದು ಇನ್ನು ಬರುವುದಿಲ್ಲವೆಂದು ತಿಳಿದಾಗ ಅವನಿಗೆ ಹಗುರ ಅನ್ನಿಸಲಿಲ್ಲ. ಅಣ್ಣ ಈಗ ಸತ್ತ, ಈಗಷ್ಟೇ ಸತ್ತ ಅನ್ನಿಸಿತು.

"ಎಲ್ಲಾ ಬಂದಾವೇನು?" ಎಂದು ಯಮನವ್ವ ಕೇಳಿದಳು. ಹೊರಸಿನ ಮೇಲೆ ಕೂತಾಗಿತ್ತು, ಮುಖ ಮತ್ತೆ ಮುದುಕಿಯದೇ ಆಗಿತ್ತು.

"ಎಲ್ಲಾ ಬಂದಾವ್ರಿ ವೈನಿ."

"ಕೆಂಚಪ್ಪಗ ಹಾಲು ಕೊಡೋ ಭೀಮ್ಯಾ. ಅವನ ಉಪಕಾರ ದೊಡ್ಡದು ನಮ್ಮ ಮ್ಯಾಲ," ಎಂದಳು ಅವಳು ನಗುತ್ತ. ಆಗಲೇ ಮರೆತಿದ್ದಳು.

ಭೀಮರಾಯ ಲೋಟಕ್ಕೆ ಮತ್ತೆ ಹಾಲು ಬಗ್ಗಿಸಿದ. ತಂದು ಎದುರಿಗೆ ನಿಂತ. ಲೋಟವನ್ನು ಕೈಗೆ ಕೊಡಲಿಲ್ಲ, ಬಾಗಿ ನೆಲದ ಮೇಲೆ ಇಟ್ಟ.

"ಅವ್ವ ಮರೀತಾಳ," ಎಂದ. "ನಾ ಮರಿಯೂದಿಲ್ಲ."

"ಮರೀಬ್ಯಾಡಪಾ," ಎಂದ ಕೆಂಚಪ್ಪ. "ಯಾರರ ಒಬ್ಬರು ನೆನಪಿಡಬೇಕು."

ಭೀಮರಾಯ ಹೊರಳಿ ಹೋದ. ಕೆಂಚಪ್ಪ ನೆಲದ ಮೇಲೆ ಕೂತು, ಎರಡೂ ಕೈಯಿಂದ ಲೋಟ ಎತ್ತಿಕೊಂಡು, ಬಿಸಿ ಇದ್ದ ಹಾಗೇ ಕುಡಿದ. ಕೂತವರೆಲ್ಲ ನೋಡುತ್ತಿದ್ದರು. ಕುಡಿದು ಲೋಟ ತೊಳೆದು ಬೋರಲು ಹಾಕಿ ಎದ್ದ. ಯಾರೂ ಹೋಗಿ ಬಾ ಎನ್ನಲಿಲ್ಲ.

ದಾರಿಯಲ್ಲಿ ಭಾಗ್ಯಾ ಹತ್ತು ಹೆಜ್ಜೆ ಮುಂದೆ ನಡೆದಳು. ಕಬ್ಬಿನ ಬದುವಿಗೆ ಬಂದಾಗ ಕೆಂಚಪ್ಪ ಎಂದಿನಂತೆ ಬೇವಿನ ಮರಕ್ಕೆ ಕೈ ಕೊಟ್ಟು ಬಾಗಿ ನಿಂತ. ಹೊಟ್ಟೆ ತಿರುವಲಿ ಎಂದು ಕಾದ. ಮುಂದೆ ಹೋಗಿದ್ದ ಭಾಗ್ಯಾ ನಿಂತಳು, ತಿರುಗಿ ನೋಡಲಿಲ್ಲ, ಹೋಗಲೂ ಇಲ್ಲ. ಗರಿಗಳ ನಡುವೆ ಗಾಳಿ ಮತ್ತೆ ಎದ್ದಿತ್ತು. ಬಿಸಿಲು ನೆತ್ತಿಗೆ ಏರುವ ತನಕ ಅವನು ಹಾಗೇ ನಿಂತಿದ್ದ. ಹಾಲು ಒಳಗೇ ಉಳಿಯಿತು.